ಬ್ಲೀಕ್‌ಲೋ ಗುಡ್ಡದ ಬಿ-29: ಮಕ್ಕಳ ಜೊತೆ ಹೋಗಬಹುದಾ, ಹೋಗುವುದು ಸರಿಯಾ?

ಸ್ಟಾಕ್‌ಪೋರ್ಟ್ ಸೊಸೆ

ಎಲ್ಲರಿಗೂ ನಮಸ್ಕಾರ. ಮ್ಯಾಂಚೆಸ್ಟರ್ ಸುತ್ತಮುತ್ತ ಇರುವ ನಾವು ಕೆಲವು ಕನ್ನಡ ಮನೆಯವರು ರಜೆ ಸಿಕ್ಕಾಗಲೆಲ್ಲ ಪೀಕ್ ಡಿಸ್ಟ್ರಿಕ್ಟ್ ಅನ್ನುವ ಗುಡ್ಡಗಾಡಿನ ಕಡೆ ನಡೆಯಲು ಹೋಗುತ್ತೇವೆ. ಅಲ್ಲಿನ ಬ್ಲೀಕ್‌ಲೋ ಗುಡ್ಡದ ಮೇಲೆ ಅಮೆರಿಕದ ಬಿ-29 ಬಾಂಬರ್ ವಿಮಾನವೊಂದರ ಅವಶೇಷ ಇವತ್ತಿಗೂ ಬಿದ್ದಿದೆ ಅಂತ ಮಗನಿಗೆ ಶಾಲೆಯಲ್ಲಿ ಯಾರೋ ಹೇಳಿದ್ದಾರೆ. ಅವನಿಗೆ ಹತ್ತು ವರ್ಷ. ಅವತ್ತಿನಿಂದ ಮನೆಯಲ್ಲಿ ಅದೇ ಮಾತು.

ದಾರಿ ಎಷ್ಟು ಕಷ್ಟ, ಮಕ್ಕಳ ಕೈಲಿ ಆಗುತ್ತಾ, ಅದನ್ನು ಮೊದಲು ಹೇಳಿ. ಇನ್ನೊಂದು, ಊರಿಂದ ಬಂದಿರುವ ನಮ್ಮ ಅತ್ತೆ ಕೇಳಿದ ಪ್ರಶ್ನೆ. "ಹದಿಮೂರು ಜನ ಸತ್ತ ಜಾಗಕ್ಕೆ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋಗ್ತೀರಾ?" ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ. ಹೋಗಿ ಬಂದವರು, ವಿಷಯ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಶೆಫೀಲ್ಡ್ ಕಾಲುದಾರಿ

ಮೇಡಂ, ಮೊದಲು ದಾರಿ ಹೇಳಿಬಿಡುತ್ತೇನೆ.

ಜಾಸ್ತಿ ಜನ ಹೋಗುವುದು ಸ್ನೇಕ್ ಪಾಸ್ ತುದಿಯಿಂದ. ಎ57 ರಸ್ತೆ ಅಲ್ಲಿ 500 ಮೀಟರ್‌ಗಿಂತ ಎತ್ತರದಲ್ಲಿದೆ, ಹಾಗಾಗಿ ಏರು ಕಡಿಮೆ. ಅವಶೇಷ ಇರುವುದು ಹೈಯರ್ ಶೆಲ್ಫ್ ಸ್ಟೋನ್ಸ್ ಅನ್ನುವ 621 ಮೀಟರ್ ಎತ್ತರದ ತುದಿಯ ಹತ್ತಿರ. ಹೋಗಲು ಮೂರೂವರೆ ಕಿಲೋಮೀಟರ್ ಆಸುಪಾಸು, ಬರಲು ಅಷ್ಟೇ. ಪೆನೈನ್ ವೇ ಅನ್ನುವ ಉದ್ದನೆಯ ಕಾಲುದಾರಿ ಹಿಡಿದು ಉತ್ತರಕ್ಕೆ ನಡೆಯಿರಿ. ಮೊದಲಿಗೆ ಕಲ್ಲುಚಪ್ಪಡಿ ಹಾಸಿದ್ದಾರೆ, ಆರಾಮ. ಡಾಕ್ಟರ್ಸ್ ಗೇಟ್ ಅನ್ನುವ ಹಳೇ ದಾರಿ ಅಡ್ಡ ಸಿಗುತ್ತದೆ. ಅದನ್ನು ದಾಟಿದರೆ ಡೆವಿಲ್ಸ್ ಡೈಕ್ ಅನ್ನುವ ಉದ್ದದ ತಗ್ಗು, ಆಮೇಲೆ ಹರ್ನ್ ಕ್ಲಫ್ ಅನ್ನುವ ಹಳ್ಳ. ಆ ಹಳ್ಳದ ಮೇಲ್ಭಾಗದಲ್ಲಿ ಪೆನೈನ್ ವೇ ಬಿಟ್ಟು ಎಡಕ್ಕೆ, ಅಂದರೆ ಪಶ್ಚಿಮಕ್ಕೆ, ತಿರುಗಬೇಕು.

ಜನ ದಾರಿ ತಪ್ಪುವುದು ಇಲ್ಲೇ. ನೆಲವೆಲ್ಲ ಪೀಟ್, ಕಪ್ಪು ಜೌಗು ಮಣ್ಣು. ನೀರು ಅದನ್ನು ಕೊರೆದು ಆಳುದ್ದದ ಕೊರಕಲು ಮಾಡಿದೆ. ಒಂದರೊಳಗೆ ಇಳಿದರೆ ಸುತ್ತ ಕರಿ ಗೋಡೆ, ಮೇಲೆ ಆಕಾಶ, ಅಷ್ಟೇ. ಹತ್ತಿ ಹೊರಗೆ ಬರುವಷ್ಟರಲ್ಲಿ ಮುಖ ಬೇರೆ ಕಡೆ ತಿರುಗಿರುತ್ತದೆ. ಮರ ಇಲ್ಲ, ಬೇಲಿ ಇಲ್ಲ, ಗುರುತು ಹಿಡಿಯಲು ಏನೂ ಇಲ್ಲ. ಮೋಡ ಇಳಿದರೆ ಇಪ್ಪತ್ತು ಹೆಜ್ಜೆ ಮುಂದಿನದೂ ಕಾಣುವುದಿಲ್ಲ.

ಆರ್ಡ್‌ನೆನ್ಸ್ ಸರ್ವೆಯವರ ಓಎಲ್1 ನಕ್ಷೆ ಮತ್ತು ದಿಕ್ಸೂಚಿ ತಗೊಳ್ಳಿ, ಬಳಸೋಕೆ ಬರುವವರು ಒಬ್ಬರಾದರೂ ಜೊತೆಗಿರಲಿ. ಫೋನ್ ಮಾತ್ರ ನಂಬಿ ಹೋಗಬೇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ. ಜೀನ್ಸ್ ಬೇಡ, ನೆಂದರೆ ಒಣಗುವುದಿಲ್ಲ. ಟಾರ್ಚ್ ಇರಲಿ, ನವೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಏನಾದರೂ ಆದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಬರುವವರೆಲ್ಲ ಸ್ವಯಂಸೇವಕರು, ಮನೆ ಕೆಲಸ ಬಿಟ್ಟು ಓಡಿ ಬರುವವರು. ಅದನ್ನು ನೆನಪಲ್ಲಿಟ್ಟುಕೊಂಡು ತಯಾರಿ ಮಾಡಿಕೊಳ್ಳಿ.

ನಡೆದು ಅಭ್ಯಾಸ ಇರುವ ಹತ್ತು ವರ್ಷದ ಹುಡುಗನಿಗೆ ಒಳ್ಳೆ ಹವಾಮಾನದಲ್ಲಿ ಖಂಡಿತ ಆಗುತ್ತದೆ.

ಅಲ್ಲಿ ಕಾಣುವುದೇನು ಅಂತಲೂ ಹೇಳಬೇಕು. ವಿಮಾನದ ಆಕಾರ ಇಲ್ಲ. ನಾಲ್ಕು ದೊಡ್ಡ ಎಂಜಿನ್‌ಗಳು ಪೀಟ್‌ನಲ್ಲಿ ಅರ್ಧ ಹೂತುಹೋಗಿವೆ. ಎಂಜಿನ್ ಸಿಲಿಂಡರ್ ಸುತ್ತಲಿನ ರೆಕ್ಕೆಯಂಥ ತೆಳು ಪಟ್ಟಿಗಳು ಇನ್ನೂ ಎಣಿಸುವ ಹಾಗಿವೆ, ಅವುಗಳ ಸಂದಿಯಲ್ಲಿ ಪಾಚಿ. ಚಕ್ರದ ಕಾಲಿನ ಭಾಗ, ಗನ್ ಗೋಪುರದ ಬಳೆ, ರಿವೆಟ್ ಸಾಲು ಕಾಣುವ ಅಲ್ಯೂಮಿನಿಯಂ ತಗಡು, ಬೆಂಕಿಗೆ ಕರಗಿ ಗಟ್ಟಿಯಾದ ಲೋಹದ ಉಂಡೆ, ಎಲ್ಲ ದೂರದೂರಕ್ಕೆ ಚೆಲ್ಲಿವೆ. ಮಧ್ಯೆ 1988ರಲ್ಲಿ ಇಟ್ಟ ನೆನಪಿನ ಕಲ್ಲು. ಸುತ್ತ ಜನ ಸಿಕ್ಕಿಸಿದ ಮರದ ಶಿಲುಬೆ, ಸತ್ತ ಸೈನಿಕರ ನೆನಪಿಗೆ ಇಡುವ ಕೆಂಪು ಪಾಪಿ (ಗಸಗಸೆ) ಹೂವು. ಮಗನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಆಟದ ಮೈದಾನ ಅಂದುಕೊಂಡು ಎಂಜಿನ್ ಹತ್ತಿಬಿಡುತ್ತಾನೆ.

ಸ್ಟಾಕ್‌ಪೋರ್ಟ್ ಸೊಸೆ

ತುಂಬಾ ಥ್ಯಾಂಕ್ಸ್ ಸರ್. ಅದು ಯುದ್ಧದಲ್ಲೇ ಬಿದ್ದದ್ದಾ? ಕೆಲವು ಕಡೆ 1948 ಅಂತ ಇದೆ.

ಶೆಫೀಲ್ಡ್ ಕಾಲುದಾರಿ

1948 ಸರಿ, ನವೆಂಬರ್ 3. ಯುದ್ಧಕ್ಕೆ ಕಟ್ಟಿದ ವಿಮಾನ, ಬಿದ್ದದ್ದು ಯುದ್ಧ ಮುಗಿದ ಮೇಲೆ. ಅದರ ಹೆಸರು ಓವರ್ ಎಕ್ಸ್‌ಪೋಸ್ಡ್. ಫೋಟೋ ತೆಗೆಯಲು ಮಾರ್ಪಡಿಸಿದ ವಿಮಾನ. 1946ರಲ್ಲಿ ಪೆಸಿಫಿಕ್‌ನ ಬಿಕಿನಿ ಹವಳ ದ್ವೀಪದಲ್ಲಿ ಅಮೆರಿಕ ಮಾಡಿದ ಅಣುಬಾಂಬ್ ಪರೀಕ್ಷೆಗಳ ಚಿತ್ರ ತೆಗೆದ ವಿಮಾನಗಳಲ್ಲಿ ಇದೂ ಒಂದು. ಬರ್ಲಿನ್‌ಗೆ ವಿಮಾನದಲ್ಲಿ ಸಾಮಾನು ಸಾಗಿಸುತ್ತಿದ್ದ ಕಾಲಕ್ಕೆ ಇಂಗ್ಲೆಂಡಿಗೆ ಬಂದಿತ್ತು. ಅವತ್ತು ಲಿಂಕನ್‌ಶೈರ್‌ನ ಸ್ಕ್ಯಾಂಪ್ಟನ್‌ನಿಂದ ವಾರಿಂಗ್ಟನ್ ಹತ್ತಿರದ ಬರ್ಟನ್‌ವುಡ್‌ಗೆ ಹೊರಟಿತ್ತು. ಅರ್ಧ ಗಂಟೆಯ ಹಾರಾಟ. ಟಪಾಲು ಇತ್ತು, ಅಲ್ಲಿನ ಸಿಬ್ಬಂದಿಯ ಸಂಬಳದ ಹಣ ಇತ್ತು. ಕ್ಯಾಪ್ಟನ್ ಲ್ಯಾಂಡನ್ ಟ್ಯಾನರ್ ಸೇರಿ 13 ಜನ. ಒಬ್ಬರೂ ಉಳಿಯಲಿಲ್ಲ. ಹಾರ್ಪರ್ ಹಿಲ್‌ನ ಆರ್‌ಎಎಫ್ (ಬ್ರಿಟನ್ನಿನ ವಾಯುಪಡೆ) ಪರ್ವತ ರಕ್ಷಣಾ ತಂಡ ಹತ್ತಿರದಲ್ಲೇ ಅಭ್ಯಾಸ ಮಾಡುತ್ತಿತ್ತು, ಅವರೇ ಮೊದಲು ತಲುಪಿದ್ದು.

ಆ ಗುಡ್ಡದಲ್ಲಿ ಅದೊಂದೇ ಅಲ್ಲ. ಪಕ್ಕದ ಜೇಮ್ಸಸ್ ಥಾರ್ನ್‌ನಲ್ಲಿ 1945ರ ಮೇ 18ರಂದು ಕೆನಡಾ ವಾಯುಪಡೆಯ 408ನೇ ಸ್ಕ್ವಾಡ್ರನ್‌ನ ಲ್ಯಾಂಕಾಸ್ಟರ್ ಬಾಂಬರ್ ಬಿದ್ದು ಆರು ಜನ ಸತ್ತರು. ಯುರೋಪಿನಲ್ಲಿ ಯುದ್ಧ ಮುಗಿದು ಆಗಿನ್ನೂ ಹತ್ತು ದಿನ. ಅದೇ ವರ್ಷ ಜುಲೈ 24ರಂದು ಶೆಲ್ಫ್ ಮೂರ್‌ನಲ್ಲಿ ಅಮೆರಿಕದ ಸಿ-47 ಸಾಗಣೆ ವಿಮಾನ ಬಿದ್ದು ಏಳು ಜನ. ಎರಡಕ್ಕೂ ಸೇರಿ ಜೇಮ್ಸಸ್ ಥಾರ್ನ್ ಮೇಲೆ ಒಂದು ನೆನಪಿನ ಫಲಕ ಇದೆ. ಬಾಂಬು, ಗುಂಡು ದಾಟಿ ಬದುಕಿ ಬಂದ ಹುಡುಗರು ಮೋಡಕ್ಕೆ ಸಿಕ್ಕಿ ಸತ್ತರು. ಎಷ್ಟು ಸಲ ಹೋದರೂ ನನಗೆ ಆ ತಾರೀಕುಗಳನ್ನು ಓದಿ ಹೊಟ್ಟೆ ಉರಿಯುತ್ತದೆ.

ಹಳೇ ನ್ಯಾವಿಗೇಟರ್

ನಾನು ವಾಯುಪಡೆಯಲ್ಲಿ ನ್ಯಾವಿಗೇಟರ್, ಅಂದರೆ ವಿಮಾನದ ದಾರಿ ಲೆಕ್ಕ ಹಾಕುವ ಕೆಲಸ ಮಾಡಿ ನಿವೃತ್ತನಾದವನು, ಈಗ ಮೈಸೂರಿನಲ್ಲಿದ್ದೇನೆ. ಮೋಡಕ್ಕೆ ಸಿಕ್ಕಿ ಸತ್ತರು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು. ಆ ಜಾಗದಲ್ಲಿ ನಿಂತಾಗ ಇದು ತಲೆಯಲ್ಲಿದ್ದರೆ ಸುಮ್ನೆ ಲೋಹದ ತುಂಡು ಅನ್ನಿಸುವುದಿಲ್ಲ.

ಆ ಕಾಲದ ವಿಮಾನದಲ್ಲಿ ನೀವು ಎಲ್ಲಿದ್ದೀರಿ ಅಂತ ಹೇಳುವ ಪರದೆ ಇರಲಿಲ್ಲ. ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ, ಎಷ್ಟು ಹೊತ್ತು ಹಾರಿದೆವು, ಗಾಳಿ ಯಾವ ಕಡೆಯಿಂದ ಎಷ್ಟು ಜೋರಾಗಿ ಬೀಸುತ್ತಿದೆ, ಇಷ್ಟು ಸೇರಿಸಿ ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿ ನಕ್ಷೆ ಮೇಲೆ ಗುರುತು ಮಾಡಬೇಕು. ಗಾಳಿಯ ಅಂದಾಜು ಗಂಟೆಗೆ 40 ಕಿಲೋಮೀಟರ್ ತಪ್ಪಿದರೆ ಅರ್ಧ ಗಂಟೆಯಲ್ಲಿ ನೀವು 20 ಕಿಲೋಮೀಟರ್ ಬೇರೆ ಕಡೆ ಇರುತ್ತೀರಿ. ಕೆಳಗೆ ನೆಲ ಕಂಡರೆ ಸರಿಪಡಿಸಿಕೊಳ್ಳಬಹುದು. ಮೋಡ ಇದ್ದರೆ ಆ ದಾರಿಯೂ ಇಲ್ಲ.

ಎತ್ತರ ತೋರಿಸುವ ಮೀಟರ್ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಹೊರಟ ಕಡೆಯ ಒತ್ತಡಕ್ಕೆ ಅದನ್ನು ಹೊಂದಿಸಿಕೊಂಡಿರುತ್ತಾರೆ. ಮುಂದೆ ಒತ್ತಡ ಕಡಿಮೆ ಇರುವ ಕಡೆಗೆ ಹೋದರೆ ಮೀಟರ್ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. 10 ಮಿಲಿಬಾರ್ ವ್ಯತ್ಯಾಸಕ್ಕೆ ಹತ್ತಿರ ಹತ್ತಿರ 85 ಮೀಟರ್. ಗುಡ್ಡದ ನೆತ್ತಿಯಲ್ಲಿ 85 ಮೀಟರ್ ಅಂದರೆ ಬದುಕು ಸಾವಿನ ಲೆಕ್ಕ.

ಸ್ಕ್ಯಾಂಪ್ಟನ್‌ನಿಂದ ಬರ್ಟನ್‌ವುಡ್‌ಗೆ ನೇರ ಗೆರೆ ಎಳೆದರೆ 140 ಕಿಲೋಮೀಟರ್ ಸುಮಾರು. ಎರಡೂ ತುದಿ ತಗ್ಗು ನೆಲ, ಮಧ್ಯೆ ಪೆನೈನ್ ಗುಡ್ಡ. ಗುಡ್ಡ ದಾಟಿಯಾಯಿತು ಅಂದುಕೊಂಡು, ನೆಲ ನೋಡಿ ಜಾಗ ಗುರುತಿಸೋಣ ಅಂತ ಮೋಡದೊಳಗೆ ಇಳಿದಿರಬೇಕು ಎಂಬುದೇ ಸಾಮಾನ್ಯವಾಗಿ ಕೊಡುವ ವಿವರಣೆ. ಇದನ್ನು ದಡ್ಡತನ ಅನ್ನಬೇಡಿ. ಇಳಿಯದೆ ಇದ್ದರೆ ಎಲ್ಲಿದ್ದೇವೆ ಅಂತ ಗೊತ್ತಾಗುವುದಿಲ್ಲ, ಗೊತ್ತಾಗದೆ ಇಳಿಯಬಾರದು. ಇಂಥ ಇಕ್ಕಟ್ಟಿನಲ್ಲಿ ಕೂತವನಿಗೆ ಮಾತ್ರ ಅದರ ಭಾರ ಗೊತ್ತು.

ಯುದ್ಧದ ವರ್ಷಗಳಲ್ಲಿ ಇದು ಇನ್ನೂ ಕಠಿಣ. ಊರೂರಲ್ಲಿ ದೀಪ ಆರಿಸಿದ್ದರು. ತರಬೇತಿ ಶಾಲೆಗಳಿಗೆ ಸಿಗುತ್ತಿದ್ದದ್ದು ಮುಂಚೂಣಿಯಲ್ಲಿ ಸವೆದು ಬಂದ ಹಳೇ ವೆಲಿಂಗ್ಟನ್, ವಿಟ್ಲಿ ಬಾಂಬರ್‌ಗಳು. ಕೂತವರು ಇಪ್ಪತ್ತರ ಆಸುಪಾಸಿನ ಹುಡುಗರು. ಬ್ರಿಟನ್ನಿನ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್ ಯುದ್ಧದಲ್ಲಿ ಕಳೆದುಕೊಂಡ 55,573 ಜನರಲ್ಲಿ 8 ಸಾವಿರದ ಆಸುಪಾಸು ಮಂದಿ ಸತ್ತದ್ದು ತರಬೇತಿಯಲ್ಲಿ, ಅಪಘಾತಗಳಲ್ಲಿ. ಅವರ ಮೇಲೆ ಶತ್ರು ಗುಂಡು ಹಾರಿಸಿರಲಿಲ್ಲ. ಅದಕ್ಕೇ ಅವರ ಕಥೆ ಯಾರೂ ಹೇಳುವುದಿಲ್ಲ. ಹೋಗಿ ಮೇಡಂ, ಹುಡುಗನಿಗೆ ಇದನ್ನೆಲ್ಲ ಹೇಳಿ.

ಗುಡ್ಡ ಗುಡ್ಡವಾಗಿರಲಿ

ನನ್ನದು ಭಿನ್ನಾಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ.

ದಾರಿಯನ್ನು ಇಷ್ಟು ಬಿಡಿಸಿ ಇಲ್ಲಿ ಬರೆಯುವುದೇ ತಪ್ಪು ಅಂತ ನನಗನ್ನಿಸುತ್ತದೆ. ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಒಬ್ಬ ಎಂಜಿನ್ ಮೇಲೆ ಎರಡು ಕಾಲೂ ಇಟ್ಟು ನಿಂತು ಕೈ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಇನ್ನೊಂದು ಗುಂಪು ತಗಡಿನ ತುಂಡುಗಳನ್ನು ಎತ್ತಿ ಎತ್ತಿ ಜೋಡಿಸುತ್ತಿತ್ತು. ಸುತ್ತಲಿನ ನೆಲ ತುಳಿತಕ್ಕೆ ಬೋಳಾಗಿದೆ. ಅದನ್ನು ಮತ್ತೆ ಹಸಿರು ಮಾಡಲು ಮೂರ್ಸ್ ಫಾರ್ ದಿ ಫ್ಯೂಚರ್ ಅನ್ನುವ ಸಂಸ್ಥೆಯವರು 2003ರಿಂದ ಪಾಚಿ ನೆಟ್ಟು, ಕೊರಕಲಿಗೆ ಒಡ್ಡು ಹಾಕಿ ಒದ್ದಾಡುತ್ತಿದ್ದಾರೆ. ನೋಡಲು ಹೋಗುವವರು ಹೆಚ್ಚಾದಷ್ಟೂ ಜಾಗ ಹಾಳು. ಸತ್ತವರನ್ನು ನೆನೆಯಲು ಗುಡ್ಡ ಹತ್ತಲೇಬೇಕಾ? ಕೇಂಬ್ರಿಡ್ಜ್ ಹತ್ತಿರ ಅಮೆರಿಕನ್ ಸ್ಮಶಾನ ಇದೆ, ರನ್ನಿಮೀಡ್‌ನಲ್ಲಿ ಗೋರಿ ಇಲ್ಲದ 20 ಸಾವಿರಕ್ಕೂ ಹೆಚ್ಚು ವೈಮಾನಿಕರ ಹೆಸರು ಕೆತ್ತಿದ ಗೋಡೆ ಇದೆ. ಅಲ್ಲಿ ಹೋಗಬಹುದು.

ಶೆಫೀಲ್ಡ್ ಕಾಲುದಾರಿ

ಗುಡ್ಡ ಸರ್, ನೀವು ಕಂಡದ್ದನ್ನು ನಾನೂ ಕಂಡಿದ್ದೇನೆ. ಆದರೆ ಈ ಒಂದು ಜಾಗದ ಗುಟ್ಟು ಎಂದೋ ಬಯಲಾಗಿದೆ. ಇಲ್ಲಿ ಬರೆಯದಿದ್ದರೆ ಜನ ಬೇರೆ ಕಡೆ ಒಂದು ಚುಕ್ಕೆ ಮಾತ್ರ ನೋಡಿಕೊಂಡು, ಏನೂ ತಿಳಿಯದೆ ಹೋಗುತ್ತಾರೆ. ಅಂಥವರೇ ಎಂಜಿನ್ ಹತ್ತುವುದು. ಸಣ್ಣ ಜಾಗಗಳ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಬ್ಲೀಕ್‌ಲೋ, ಅದರ ದಕ್ಷಿಣದ ಕಿಂಡರ್ ಗುಡ್ಡದ ಕಡೆ ಎರಡು ಹಿಡಿಯಷ್ಟು ತುಂಡು ಉಳಿದ ಜಾಗಗಳು ಎಷ್ಟೋ ಇವೆ. ಅವುಗಳ ಗುರುತನ್ನು ನಾನು ಎಲ್ಲೂ ಹಾಕುವುದಿಲ್ಲ. ಒಬ್ಬೊಬ್ಬರು ಒಂದೊಂದು ತುಂಡು ಜೇಬಿಗಿಳಿಸಿದರೆ ವರ್ಷದಲ್ಲಿ ಅಲ್ಲಿ ಏನೂ ಇರುವುದಿಲ್ಲ.

ಲೀಡ್ಸ್ ಲಾಯರಮ್ಮ

ಜೇಬಿನ ಮಾತು ಬಂದದ್ದರಿಂದ ಕಾನೂನು ಹೇಳುತ್ತೇನೆ. 1986ರ ಪ್ರೊಟೆಕ್ಷನ್ ಆಫ್ ಮಿಲಿಟರಿ ರಿಮೇನ್ಸ್ ಕಾಯ್ದೆ ಪ್ರಕಾರ, ಸೇನಾ ಸೇವೆಯಲ್ಲಿದ್ದಾಗ ಬಿದ್ದ ಎಲ್ಲ ವಿಮಾನಗಳಿಗೂ ತಾನಾಗಿಯೇ ರಕ್ಷಣೆ ಇದೆ. ಪಟ್ಟಿಯಲ್ಲಿ ಹೆಸರು ಇರಬೇಕು ಅಂತಿಲ್ಲ, ಬೋರ್ಡ್ ಇರಬೇಕು ಅಂತಿಲ್ಲ. ರಕ್ಷಣಾ ಇಲಾಖೆಯ ಲೈಸೆನ್ಸ್ ಇಲ್ಲದೆ ಅಗೆಯುವುದು, ಜಾಗ ಬದಲಿಸುವುದು, ಎತ್ತಿಕೊಂಡು ಹೋಗುವುದು ಎಲ್ಲ ಅಪರಾಧ. ಒಂದು ರಿವೆಟ್ ಆದರೂ ಅಷ್ಟೇ. ಶವದ ಅವಶೇಷ ಅಥವಾ ಸಿಡಿಯದ ಮದ್ದುಗುಂಡು ಇರುವ ಸಾಧ್ಯತೆ ಇದ್ದರೆ ಸಾಮಾನ್ಯವಾಗಿ ಲೈಸೆನ್ಸ್ ಕೊಡುವುದೇ ಇಲ್ಲ. ನೋಡುವುದಕ್ಕೆ, ಫೋಟೋ ತೆಗೆಯುವುದಕ್ಕೆ ಅಡ್ಡಿ ಇಲ್ಲ. ಪೀಟ್ ಸರಿದು ಮೂಳೆಯಂಥದ್ದೋ ಗುಂಡಿನಂಥದ್ದೋ ಕಂಡರೆ ಮುಟ್ಟಬೇಡಿ. ಜಾಗ ಗುರುತಿಟ್ಟುಕೊಂಡು ಪೊಲೀಸರಿಗೆ ಹೇಳಿ.

ನಾಯಿ ಕರೆದೊಯ್ಯುವವರು ಗಮನಿಸಿ. ಮುಕ್ತ ಪ್ರವೇಶದ ಜಮೀನಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗೆ ಚಿಕ್ಕ ಹಗ್ಗ ಕಡ್ಡಾಯ. ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳ ಕಾಲ ಅದು.

ಗುಡ್ಡ ಗುಡ್ಡವಾಗಿರಲಿ

ಆ ಉಂಗುರದ ಕಥೆ ಏನಂತೀರಿ? ಅದೂ ಅಪರಾಧವಾ?

ಲೀಡ್ಸ್ ಲಾಯರಮ್ಮ

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿ-29 ಬಿದ್ದು ಎಷ್ಟೋ ವರ್ಷದ ನಂತರ ಸ್ಥಳೀಯರೊಬ್ಬರಿಗೆ ಅಲ್ಲಿ ಕ್ಯಾಪ್ಟನ್ ಟ್ಯಾನರ್ ಅವರ ಮದುವೆ ಉಂಗುರ ಸಿಕ್ಕಿತು. ಒಳಗೆ ಹೆಸರಿತ್ತು. ಅವರು ಇಟ್ಟುಕೊಳ್ಳಲಿಲ್ಲ, ಹುಡುಕಿ ಕ್ಯಾಪ್ಟನ್ ಮಗಳಿಗೆ ತಲುಪಿಸಿದರು. ಆಗ ಈ ಕಾಯ್ದೆ ಇರಲಿಲ್ಲ. ಇವತ್ತು ಅಂಥದ್ದು ಸಿಕ್ಕರೆ ಅಧಿಕಾರಿಗಳ ಮೂಲಕವೇ ಹೋಗಬೇಕು. ಆ ಮನುಷ್ಯನ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರೂ ಹಾಗೆ ಮಗಳನ್ನು ಹುಡುಕುವುದಿಲ್ಲ, ಹಲವರು ಇಂಟರ್‌ನೆಟ್‌ನಲ್ಲಿ ಮಾರುತ್ತಾರೆ. ಕಾನೂನು ಇರುವುದು ಅಂಥವರಿಗಾಗಿ.

ಹಾಸನದ ಹಳ್ಳಿಯವ

ಅತ್ತೆಯವರ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ, ನಾನು ಪ್ರಯತ್ನ ಮಾಡುತ್ತೇನೆ. ನಮ್ಮೂರ ಕೆರೆ ಏರಿ ಮೇಲೆ ಎರಡು ವೀರಗಲ್ಲು ಇವೆ. ಒಂದರಲ್ಲಿ ದನ ಕಾಯಲು ಹೋಗಿ ಸತ್ತವನ ಚಿತ್ರ. ಅವನ ಹೆಸರು ಅಳಿಸಿಹೋಗಿದೆ, ಯಾವ ಮನೆಯವನೋ ಯಾರಿಗೂ ಗೊತ್ತಿಲ್ಲ. ಆದರೂ ಹಬ್ಬದ ದಿನ ತೊಳೆದು ಹೂವಿಡುತ್ತಾರೆ, ಮಕ್ಕಳು ಸುತ್ತ ಆಡುತ್ತಾರೆ, ಗದ್ದೆಗೆ ಹೋಗುವವರು ಅಲ್ಲೇ ಕೂತು ಬುತ್ತಿ ಬಿಚ್ಚುತ್ತಾರೆ. ಯಾರೂ ಅದನ್ನು ಅಪಚಾರ ಅಂದಿದ್ದು ನಾನು ಕೇಳಿಲ್ಲ. ಕಲ್ಲಿನ ಮೇಲೆ ಕಾಲಿಟ್ಟರೆ ಮಾತ್ರ ಬೈಗುಳ ಬೀಳುತ್ತದೆ. ಗುಡ್ಡದ ಮೇಲೆಯೂ ಹಾಗೇ ನಡೆದುಕೊಂಡರೆ ಸಾಕು ಅಮ್ಮಾ. ಸ್ವಲ್ಪ ದೂರ ಬಂದು ಊಟ ಮಾಡಿ, ಅಷ್ಟೇ.

ಎಚ್‌ಎಎಲ್ ಮೊಮ್ಮಗಳು

ಈ ಚರ್ಚೆ ಓದಿ ಕೈ ಸುಮ್ಮನಿರಲಿಲ್ಲ. ನಮ್ಮ ತಾತ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಫಿಟ್ಟರ್ ಆಗಿದ್ದರು. ಕಂಪನಿ ಶುರುವಾದದ್ದು 1940ರಲ್ಲಿ. ಯುದ್ಧದ ಕಾಲದಲ್ಲಿ ಅಮೆರಿಕದವರು ಅದನ್ನೇ ರಿಪೇರಿ ಡಿಪೋ ಮಾಡಿಕೊಂಡಿದ್ದರು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಸಾಲಾಗಿ ಬಿಟ್ಟು ಹೋಗಲಾಗಿತ್ತು, ಅದೂ ಮತ್ತೆ ಹಾರದ ಹಾಗೆ ಒಡೆದು ಹಾಕಿ. ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರುವಷ್ಟು ಸರಿ ಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ರಿಪೇರಿ. ಹೀಗೆ 40ಕ್ಕೂ ಹೆಚ್ಚು ವಿಮಾನ ಎದ್ದು ನಿಂತವು. ಅವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಶುರುವಾದದ್ದು 1948ರ ನವೆಂಬರ್‌ನಲ್ಲಿ, ಅಂದರೆ ನೀವು ಹೇಳುವ ಬಿ-29 ಬಿದ್ದ ಅದೇ ತಿಂಗಳು. ನಮ್ಮವರು 1968ರವರೆಗೆ ಲಿಬರೇಟರ್ ಹಾರಿಸಿದರು.

ಪ್ರಪಂಚದಲ್ಲಿ ಇವತ್ತು ಪೂರ್ತಿಯಾಗಿ ಉಳಿದಿರುವ ಬೆರಳೆಣಿಕೆಯ ಲಿಬರೇಟರ್‌ಗಳಲ್ಲಿ ಹಲವು ಇಲ್ಲಿಂದ ಹೋದವು. ಬ್ರಿಟನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿರುವುದೂ ಭಾರತ 1974ರಲ್ಲಿ ಕೊಟ್ಟದ್ದು. ನಿಮ್ಮ ಕಡೆ ಗುಡ್ಡದಲ್ಲಿ ಲಿಬರೇಟರ್ ಬಿದ್ದ ಜಾಗ ಇದ್ದರೆ ದಯವಿಟ್ಟು ಹೇಳಿ. ತಾತ ಇಲ್ಲ, ಆದರೆ ಅವರ ಕೈ ಆಡಿದ ಯಂತ್ರದ ಜಾತಿ ಅದು.

ಶೆಫೀಲ್ಡ್ ಕಾಲುದಾರಿ

ಇದೆ ತಂಗಿ. ಮಿಲ್ ಹಿಲ್ ಅಂತ, ಕಿಂಡರ್‌ನ ಪಶ್ಚಿಮ ತುದಿಗೆ, 540 ಮೀಟರ್ ಆಸುಪಾಸಿನ ಗುಡ್ಡ. ಹೇಫೀಲ್ಡ್‌ನಿಂದ ವಿಲಿಯಂ ಕ್ಲಫ್ ಕಣಿವೆ ಹಿಡಿದು ಹತ್ತಬಹುದು. ಸ್ನೇಕ್ ಪಾಸ್ ತುದಿಯಿಂದ ಪೆನೈನ್ ವೇಯಲ್ಲಿ ದಕ್ಷಿಣಕ್ಕೆ ಕಲ್ಲುಚಪ್ಪಡಿ ಮೇಲೆಯೂ ಹೋಗಬಹುದು. ಅಲ್ಲಿ ಬಿ-24 ಬಿದ್ದದ್ದು 1944ರ ಅಕ್ಟೋಬರ್ 11ರಂದು. ಬರ್ಟನ್‌ವುಡ್‌ನಿಂದ ನಾರ್ಫೋಕ್‌ನ ಹಾರ್ಡ್‌ವಿಕ್‌ಗೆ ತಲುಪಿಸಲು ಹೊರಟಿದ್ದರು. ಒಳಗಿದ್ದದ್ದು ಇಬ್ಬರೇ, ಪೈಲಟ್ ಹಾಪ್ಟ್ ಮತ್ತು ಎಂಜಿನಿಯರ್ ನೈವಾರ್. ಮೋಡದೊಳಗಿಂದ ಗುಡ್ಡ ಎದುರಿಗೇ ಬಂತು. ಗಾಯ ಆದರೂ ಇಬ್ಬರೂ ಬದುಕಿ, ತಾವೇ ನಡೆದು ಕೆಳಗಿಳಿದರು.

ಸೊಸೆ ಮೇಡಂ, ಇದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಮಗನಿಗೆ ಮೊದಲ ಸಲ ತೋರಿಸಲು ಮಿಲ್ ಹಿಲ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದಾರಿ ಸುಲಭ, ಕಥೆಯಲ್ಲಿ ಇಬ್ಬರು ಉಳಿದಿದ್ದಾರೆ. ಆಮೇಲೆ ಬ್ಲೀಕ್‌ಲೋಗೆ ಹೋಗಬಹುದು.

ಇನ್ವರ್ನೆಸ್ ಕನ್ನಡತಿ

ಸ್ಕಾಟ್ಲೆಂಡಿನಲ್ಲೂ ಒಂದು ಲಿಬರೇಟರ್ ಇದೆ. ಗೇರ್‌ಲಾಕ್ ಹತ್ತಿರ ಫೇರಿ ಲಾಕ್ಸ್ ಅನ್ನುವ ಸಣ್ಣ ಕೆರೆಗಳ ಜಾಗ. 1945ರ ಜೂನ್ 13. ಯುರೋಪಿನ ಯುದ್ಧ ಮುಗಿದಿತ್ತು. ಪ್ರೆಸ್ಟ್‌ವಿಕ್‌ನಿಂದ ಹೊರಟು ಐಸ್‌ಲ್ಯಾಂಡ್ ಮೇಲೆ ಅಮೆರಿಕಕ್ಕೆ, ಮನೆಗೆ ಹೊರಟವರು ಹದಿನೈದು ಜನ. ಎಲ್ಲರೂ ತೀರಿಕೊಂಡರು. ಬಂಡೆಗೆ ಹೆಸರಿನ ಫಲಕ ಹಾಕಿದ್ದಾರೆ. ಕೆರೆ ನೀರಿನಿಂದ ಪ್ರೊಪೆಲರ್‌ನ ಅಲಗು ಮೇಲೆ ಚಾಚಿಕೊಂಡಿದೆ.

ನನ್ನ ಮನಸ್ಸಿಗೆ ತುಂಬಾ ನಾಟಿದ್ದು ಬೆನ್ ಮೋರ್ ಆಸಿಂಟ್. 1941ರ ಏಪ್ರಿಲ್‌ನಲ್ಲಿ ಕಿನ್‌ಲಾಸ್‌ನಿಂದ ಹೊರಟ ಆನ್ಸನ್ ತರಬೇತಿ ವಿಮಾನ ಹಿಮಗಾಳಿಗೆ ಸಿಕ್ಕಿ ಅಲ್ಲಿ ಬಿತ್ತು. ಆರು ಜನ. ಹುಡುಕಿ ಹುಡುಕಿ ಸಿಗಲಿಲ್ಲ. ಮೇ ತಿಂಗಳ ಕೊನೆಗೆ ಹಿಮ ಕರಗಿದ ಮೇಲೆ ಕುರಿಗಾಹಿಯೊಬ್ಬನ ಕಣ್ಣಿಗೆ ಬಿತ್ತು. ಅಷ್ಟು ಎತ್ತರದಿಂದ ಹೊತ್ತು ಇಳಿಸಲಾಗದೆ ಬಿದ್ದ ಕಡೆಯೇ ಮಣ್ಣು ಮಾಡಿ ಕಲ್ಲುಗುಪ್ಪೆ ಹಾಕಿದರು. ಈ ದೇಶದಲ್ಲಿ ಹಾಗೆ ಬಿದ್ದ ಜಾಗದಲ್ಲೇ ಹೂತಿರುವುದು ತೀರಾ ಅಪರೂಪ. ಗುಪ್ಪೆ ಶಿಥಿಲವಾದಾಗ, 2013ರಲ್ಲಿ, 600 ಕಿಲೋ ತೂಕದ ಗ್ರಾನೈಟ್ ಕಲ್ಲನ್ನು ಚಿನೂಕ್ ಹೆಲಿಕಾಪ್ಟರ್‌ನಲ್ಲಿ ಒಯ್ದು ಇಳಿಸಿದರು. ಅಲ್ಲಿಗೆ ದಾರಿ ಇಲ್ಲ, ಜನ ಹೋಗುವುದೂ ಕಡಿಮೆ. ಅದು ನಿಜವಾಗಿ ಸಮಾಧಿ. ಗುಡ್ಡ ಸರ್ ಹೇಳಿದ ಮಾತು ಅಲ್ಲಿಗೆ ಪೂರ್ತಿ ಸಲ್ಲುತ್ತದೆ.

ಇಂಥ ಸಾವುಗಳಿಂದಲೇ ಪರ್ವತ ರಕ್ಷಣಾ ಪಡೆ ಹುಟ್ಟಿದ್ದು ಅನ್ನುವುದನ್ನೂ ಸೇರಿಸಬೇಕು. ವೇಲ್ಸ್‌ನ ಲ್ಯಾನ್‌ಡ್‌ರೋಗ್ ನೆಲೆಯಲ್ಲಿ ಜಾರ್ಜ್ ಗ್ರಹಾಂ ಅನ್ನುವ ವೈದ್ಯಾಧಿಕಾರಿ ಇದ್ದರು. ಬಿದ್ದವರಲ್ಲಿ ಕೆಲವರು ತಕ್ಷಣ ಸಾಯದೆ, ಸಹಾಯ ತಲುಪುವುದು ತಡವಾಗಿ ಸಾಯುತ್ತಿದ್ದರು. ಅದನ್ನು ಸಹಿಸದೆ ಅವರು ತಂಡ ಕಟ್ಟಿದರು, 1943ರಲ್ಲಿ ಆರ್‌ಎಎಫ್ ಅದನ್ನು ಅಧಿಕೃತ ಮಾಡಿತು. 1951ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡಿನ ಬೇನ್ ಏ ಪರ್ವತದ ಕಡಿದಾದ ಕೊರಕಲಿನಲ್ಲಿ ಲ್ಯಾಂಕಾಸ್ಟರ್ ಬಿದ್ದು ಎಂಟು ಜನ ಸತ್ತಾಗ, ಹಿಮದಲ್ಲಿ ಅಲ್ಲಿಗೆ ಹತ್ತಲು ತಂಡಕ್ಕೆ ಆಗಲಿಲ್ಲ. ಆಮೇಲೆ ಚಳಿಗಾಲದ ತರಬೇತಿಯನ್ನೇ ಬದಲಾಯಿಸಿದರು. ಇವತ್ತು ನಮ್ಮಂಥ ಚಾರಣಿಗರ ಕಾಲು ಮುರಿದರೆ ಬರುವವರ ವಿದ್ಯೆಯಲ್ಲಿ ಆ ಎಂಟು ಜನರ ಪಾಲೂ ಇದೆ.

ಕಾರ್ಡಿಫ್ ಕಾಫಿ

ವೇಲ್ಸ್ ಕಡೆ ಬರುವವರು ಬ್ರೆಕನ್ ಬೀಕನ್ಸ್‌ನ ವಾನ್ ರಿಡ್ ನೋಡಿ. 1942ರ ಜುಲೈ 6ರಂದು ತರಬೇತಿಯ ವೆಲಿಂಗ್ಟನ್ ಬಿದ್ದು ಐವರು ಕೆನಡಾ ಹುಡುಗರು ಸತ್ತರು. ಕಲ್ಲುಗುಪ್ಪೆ, ಅದರ ಪಕ್ಕ ಅವಶೇಷ ಕೂಡಿಟ್ಟಿದ್ದಾರೆ. ಕೆನಡಾದ ಸಣ್ಣ ಬಾವುಟಗಳು ಸದಾ ಇರುತ್ತವೆ.

ಸ್ಟಾಕ್‌ಪೋರ್ಟ್ ಸೊಸೆ

ಇಷ್ಟೊಂದು ಬರೆಯುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ವೀರಗಲ್ಲಿನ ಮಾತು ಕೇಳಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹಾಗಾದರೆ ಒಂದು ಊದುಬತ್ತಿ ಹಚ್ಚಿ, ನಾಲ್ಕು ಹೂವು ಇಟ್ಟು ಬನ್ನಿ" ಅಂದರು. ಅದು ಮಾಡಬಹುದಾ?

ಗುಡ್ಡ ಗುಡ್ಡವಾಗಿರಲಿ

ಊದುಬತ್ತಿ ಬೇಡವೇ ಬೇಡ ಮೇಡಂ, ಇದೊಂದು ವಿಷಯದಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಪೀಟ್ ಅಂದರೆ ಉರುವಲು. ಒಣಗಿದಾಗ ಒಂದು ಕಿಡಿ ಬಿದ್ದರೆ ನೆಲದ ಒಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. 2018ರ ಜೂನ್‌ನಲ್ಲಿ ಸ್ಯಾಡಲ್‌ವರ್ತ್ ಮೂರ್ ಹೊತ್ತಿ ಉರಿದಾಗ ಸೈನ್ಯ ಕರೆಸಬೇಕಾಯಿತು, ನಿಮ್ಮ ಊರಿನವರೆಗೂ ಹೊಗೆ ಬಂದಿತ್ತು. ಬೆಂಕಿ, ಬಾರ್ಬೆಕ್ಯೂ ಯಾವುದಕ್ಕೂ ಗುಡ್ಡದಲ್ಲಿ ಅವಕಾಶ ಇಲ್ಲ. ಹೂವು ಇಡಿ, ಆದರೆ ದಾರ, ಪ್ಲಾಸ್ಟಿಕ್, ರಿಬ್ಬನ್ ಇಲ್ಲದ ಬಿಡಿ ಹೂವು. ಪ್ಲಾಸ್ಟಿಕ್ ಹಾರಗಳು ಗಾಳಿಗೆ ಹರಿದು ಕೊರಕಲುಗಳಲ್ಲಿ ತುಂಬಿವೆ. ಹೋದ ಸಲ ನಾನು ಒಂದು ಚೀಲ ಆರಿಸಿಕೊಂಡು ಬಂದೆ. ನೆನಪಿನ ಕಲ್ಲಿನ ಹತ್ತಿರ ಇಟ್ಟದ್ದನ್ನು ಮುಟ್ಟಲಿಲ್ಲ, ದೂರ ಹಾರಿ ಬಂದದ್ದನ್ನು ಮಾತ್ರ.

ನೀವು ಇಷ್ಟೆಲ್ಲ ಕೇಳಿ ಹೋಗುತ್ತಿದ್ದೀರಿ. ಇಂಥವರು ಹೋಗುವುದಕ್ಕೆ ನನ್ನ ತಕರಾರಿಲ್ಲ. ದಾರಿಯ ನಿಖರ ಗುರುತನ್ನು ಹಾಕಬಾರದು ಅನ್ನುವ ಮಾತನ್ನು ಮಾತ್ರ ಬಿಡುವುದಿಲ್ಲ.

ಹಳೇ ನ್ಯಾವಿಗೇಟರ್

ಹೊರಡುವ ಮೊದಲು ಮೋಡದ ತಳ ಎಷ್ಟು ಎತ್ತರದಲ್ಲಿದೆ ಅಂತ ನೋಡಿ. ಮೆಟ್ ಆಫೀಸ್‌ನವರು ಪೀಕ್ ಡಿಸ್ಟ್ರಿಕ್ಟ್‌ಗೆ ಬೇರೆಯಾಗಿ ಗುಡ್ಡದ ಮುನ್ಸೂಚನೆ ಕೊಡುತ್ತಾರೆ. 600 ಮೀಟರ್‌ಗಿಂತ ಕೆಳಗೆ ಅಂದರೆ ಹೋಗಬೇಡಿ. ಆ ಹದಿಮೂರು ಜನಕ್ಕೆ ಈ ಸೌಲಭ್ಯ ಇರಲಿಲ್ಲ, ನಿಮಗಿದೆ.

ಸ್ಟಾಕ್‌ಪೋರ್ಟ್ ಸೊಸೆ

ಈಗಷ್ಟೇ ನೋಡಿದೆ ಸರ್. ಈ ಶನಿವಾರ ಮೋಡ 400 ಮೀಟರ್‌ಗೆ ಇಳಿಯುತ್ತದಂತೆ, ಜೊತೆಗೆ ಜೋರು ಗಾಳಿ. ಹಾಗಾಗಿ ಬಿಟ್ಟೆವು. ಮುಂದಿನ ಭಾನುವಾರ ಒಳ್ಳೆ ಬಿಸಿಲಿದೆ ಅಂತಿದೆ. ಕಾಲುದಾರಿ ಸರ್ ಹೇಳಿದ ಹಾಗೆ ಮೊದಲು ಮಿಲ್ ಹಿಲ್. ಎಚ್‌ಎಎಲ್ ಮೊಮ್ಮಗಳಿಗೆ ಅಲ್ಲಿಂದ ಫೋಟೋ ಕಳಿಸುತ್ತೇನೆ. ಬ್ಲೀಕ್‌ಲೋಗೆ ನಕ್ಷೆ ಓದಲು ಬರುವವರು ನಮ್ಮಲ್ಲಿ ಇಲ್ಲ, ಅದಕ್ಕೆ ಯಾರಾದರೂ ಜೊತೆಗೆ ಬರುತ್ತೀರಾ?

ಶೆಫೀಲ್ಡ್ ಕಾಲುದಾರಿ

ನಾನು ಬರುತ್ತೇನೆ ಮೇಡಂ. ಮಿಲ್ ಹಿಲ್ ಮುಗಿಸಿಕೊಳ್ಳಿ, ಮಗನ ಕಾಲು ಹೇಗಿದೆ ನೋಡಿ, ಆಮೇಲೆ ಬ್ಲೀಕ್‌ಲೋಗೆ ದಿನ ಗೊತ್ತು ಮಾಡೋಣ. ಬೆಳಿಗ್ಗೆ ಒಂಬತ್ತಕ್ಕೆ ಸ್ನೇಕ್ ಪಾಸ್ ತುದಿ. ಕಾರು ನಿಲ್ಲಿಸಲು ಜಾಗ ತುಂಬಾ ಕಡಿಮೆ, ಎಲ್ಲ ಮನೆಯವರೂ ಆದಷ್ಟು ಕಡಿಮೆ ಕಾರುಗಳಲ್ಲಿ ಬನ್ನಿ. ಎಲ್ಲರಿಗೂ ಒಂದು ಜೊತೆ ಒಣ ಸಾಕ್ಸ್ ಜಾಸ್ತಿ ಇರಲಿ.